ಹತ್ತಿರದ ಬೆಳೆಯನ್ನು ಆನ್‌ಲೈನ್‌ನಲ್ಲಿ ತರಿಸುವಾಗ ‘ಲೋಕಲ್’ ಎಂಬ ಮಾತನ್ನು ಪರೀಕ್ಷಿಸುವುದು ಹೇಗೆ? ತೂಕ, ತಾಜಾತನದ ಲೆಕ್ಕ ಏನು?

ವಾರದಬುಟ್ಟಿ (ಪ್ರಶ್ನೆ)

ನಾಲ್ಕು ಜನರ ಮನೆಗೆ ಬೇಕಾದ ತರಕಾರಿ, ಸೊಪ್ಪು, ಹಣ್ಣು, ಹಾಲು, ಮೊಟ್ಟೆಯನ್ನು ಆದಷ್ಟೂ ಸುತ್ತಮುತ್ತಲಿನ ಬೆಳೆಗಾರರಿಂದಲೇ ಆನ್‌ಲೈನ್‌ನಲ್ಲಿ ತರಿಸುವ ಯೋಚನೆ. ಆ್ಯಪ್ ತೆರೆದ ಕೂಡಲೇ ತೊಡಕು ಶುರು. ಎಲ್ಲ ಮಾರಾಟಗಾರರೂ ‘ಲೋಕಲ್’, ಎಲ್ಲ ಸೊಪ್ಪೂ ‘ಇವತ್ತಿನದು’, ಫೋಟೋಗಳೂ ಒಂದೇ ಥರ. ತಿಳಿದವರು ದಯವಿಟ್ಟು ಇಷ್ಟನ್ನು ಬಿಡಿಸಿ ಹೇಳಿ.

ಒಂದು, ಮಾರುವವರು ತಾವೇ ಬೆಳೆದದ್ದೋ ಎಲ್ಲಿಂದಲೋ ತಂದದ್ದೋ ಅಂತ ಪರದೆ ನೋಡಿಯೇ ಎಷ್ಟರ ಮಟ್ಟಿಗೆ ತಿಳಿಯಬಹುದು? ಎರಡು, ‘ಕಟ್ಟು’, ‘ಸುಮಾರು 1 ಕೆಜಿ’, ‘1 ಪೀಸ್’ ಅಂತೆಲ್ಲ ಇದ್ದಾಗ ಬೆಲೆ ಹೋಲಿಸುವುದು ಹೇಗೆ, ಬಿಲ್ಲು ಆಮೇಲೆ ಬದಲಾಗುವುದು ಯಾಕೆ? ಮೂರು, ಸೊಪ್ಪು ಬಾಡಿ ಬರುತ್ತದೆ, ಟೊಮೆಟೊ ಎರಡೇ ದಿನಕ್ಕೆ ಮೆತ್ತಗಾಗುತ್ತದೆ. ತಪ್ಪು ಬೆಳೆದವರದ್ದೋ, ಸಾಗಿಸಿದವರದ್ದೋ, ಮನೆಯಲ್ಲಿ ಇಟ್ಟ ರೀತಿಯದ್ದೋ?

ವಾರಕ್ಕೆ ಒಂದೇ ಆರ್ಡರ್ ಮಾಡುವ ಲೆಕ್ಕ ಇಟ್ಟುಕೊಂಡು ಹೇಳಿದರೆ ಉಪಕಾರ.

---

ಸಾಲುಸಸಿ

ಮೊದಲನೆಯ ಪ್ರಶ್ನೆ ಹಿಡಿಯುತ್ತೇನೆ. ‘ಲೋಕಲ್’ ಎಂಬ ಪದಕ್ಕೆ ಎಲ್ಲೆಡೆ ಒಪ್ಪುವ ಒಂದು ಅಳತೆ ಇಲ್ಲ. ಅಮೆರಿಕದ 2008ರ ಕೃಷಿ ಕಾಯ್ದೆ 400 ಮೈಲಿಗಿಂತ ಕಡಿಮೆ ದೂರ ಸಾಗಿದ್ದನ್ನು, ಅಂದರೆ ಸುಮಾರು 640 ಕಿಲೋಮೀಟರ್ ಒಳಗಿನದ್ದನ್ನು, ಇಲ್ಲವೇ ಅದೇ ರಾಜ್ಯದಲ್ಲಿ ಬೆಳೆದದ್ದನ್ನು ಸ್ಥಳೀಯ ಎಂದು ಎಣಿಸಿತು. ನಿಮ್ಮ ಮನಸ್ಸಿನಲ್ಲಿರುವುದು ಬಹುಶಃ 50 ಕಿಲೋಮೀಟರ್. ಆ ಪದವನ್ನು ಹಾಗೇ ನಂಬಿ ಕೊಳ್ಳುವ ಬದಲು ವೇದಿಕೆ ಯಾವ ಬಗೆಯದು ಅಂತ ಮೊದಲು ಗುರುತಿಸಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ದಾಸ್ತಾನು ಇಟ್ಟು ಮಾರುವ ವೇದಿಕೆಯಲ್ಲಿ ಮಾಲು ಆಗಲೇ ಗೋದಾಮಿನಲ್ಲಿ ಇರುತ್ತದೆ. ಯಾವ ಹೊತ್ತಿಗೆ ಆರ್ಡರ್ ಮಾಡಿದರೂ ಸಿಗುತ್ತದೆ, ಗಂಟೆಯೊಳಗೆ ಮನೆಗೂ ಬರುತ್ತದೆ. ಗಂಟೆಯೊಳಗೆ ಬಂದಿತು ಅಂದಮಾತ್ರಕ್ಕೆ ಗಂಟೆಯ ಹಿಂದೆ ಕಿತ್ತದ್ದಲ್ಲ. ಎರಡನೆಯ ಬಗೆಯಲ್ಲಿ ಬೆಳೆಗಾರರು ವಾರಕ್ಕೊಮ್ಮೆ ತಮ್ಮ ಪಟ್ಟಿ ಹಾಕುತ್ತಾರೆ, ಆರ್ಡರ್ ಒಂದು ಗಡುವಿಗೆ ಮುಚ್ಚುತ್ತದೆ, ಆಮೇಲೆ ಕೊಯ್ಲು, ಆಮೇಲೆ ವಿತರಣೆ. ಆಸ್ಟ್ರೇಲಿಯಾದಲ್ಲಿ 2012ರಲ್ಲಿ ಶುರುವಾದ ‘ಓಪನ್ ಫುಡ್ ನೆಟ್‌ವರ್ಕ್’ ತಂತ್ರಾಂಶದಲ್ಲಿ ಇದಕ್ಕೆ ‘ಆರ್ಡರ್ ಸೈಕಲ್’ ಎಂದೇ ಹೆಸರು. ಮೂರನೆಯದು ಸೋಷಿಯಲ್ ಮೀಡಿಯಾ ಗುಂಪು. ಫಿನ್‌ಲೆಂಡ್‌ನಲ್ಲಿ 2013ರಲ್ಲಿ ಥಾಮಸ್ ಸ್ನೆಲ್‌ಮನ್ ಆರಂಭಿಸಿದ ‘ರೆಕೊ’ ಇದೇ ಮಾದರಿ. ಫೇಸ್‌ಬುಕ್ ಗುಂಪಿನಲ್ಲಿ ಬೆಳೆಗಾರರು ಪೋಸ್ಟ್ ಹಾಕುತ್ತಾರೆ, ಕೊಳ್ಳುವವರು ಕಾಮೆಂಟಿನಲ್ಲಿ ಆರ್ಡರ್ ಬರೆಯುತ್ತಾರೆ, ಗೊತ್ತಾದ ಜಾಗದಲ್ಲಿ ಗೊತ್ತಾದ ಹೊತ್ತಿಗೆ ನೇರವಾಗಿ ಕೈಯಿಂದ ಕೈಗೆ. ನಡುವೆ ಯಾರೂ ಇಲ್ಲ. ನಾಲ್ಕನೆಯದು ಚಂದಾ ಬುಟ್ಟಿ: ಹಣ ಮೊದಲೇ ಕಟ್ಟುತ್ತೀರಿ, ಆ ವಾರ ಏನು ಬೆಳೆದಿದೆಯೋ ಅದು ಬರುತ್ತದೆ.

ಹೀಗಾಗಿ ಕೇಳಬೇಕಾದ ಮೊದಲ ಪ್ರಶ್ನೆ: ನನ್ನ ಆರ್ಡರ್ ಮೊದಲೋ, ಕೊಯ್ಲು ಮೊದಲೋ? ಆರ್ಡರ್ ಮೊದಲಾದರೆ ಸೊಪ್ಪು ಸಾಮಾನ್ಯವಾಗಿ ಒಂದು ದಿನದೊಳಗಿನದ್ದು. ಕೊಯ್ಲು ಮೊದಲಾದರೆ ಎಷ್ಟು ದಿನ ಕಳೆದಿದೆ ಅನ್ನುವುದು ಅವರು ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಇನ್ನು ಪರದೆಯ ಮೇಲೆ ನೋಡುವುದು. ‘ಇಲ್ಲಿಂದ ರವಾನೆ’ ಮತ್ತು ‘ಇಲ್ಲಿ ಬೆಳೆದದ್ದು’ ಬೇರೆ ಬೇರೆ ಸಾಲುಗಳು. ಮೊದಲನೆಯದು ಗೋದಾಮಿನ ವಿಳಾಸ ಅಷ್ಟೇ. ಪಟ್ಟಿ ವರ್ಷವಿಡೀ ಒಂದೇ ಥರ ಇದ್ದರೆ ಅದು ಹೊಲದ ಪಟ್ಟಿಯಲ್ಲ, ಮಂಡಿಯ ಪಟ್ಟಿ. ನಿಜವಾದ ಬೆಳೆಗಾರರ ಪಟ್ಟಿಯಲ್ಲಿ ಅಂಕಿ ಚಿಕ್ಕದು: ‘18 ಕಟ್ಟು ಉಳಿದಿವೆ’, ‘ಈ ವಾರ ಇಲ್ಲ’, ‘ಮಳೆಯಿಂದ ಎಲೆ ಸ್ವಲ್ಪ ಹರಿದಿದೆ’. ಇಂಥ ಸಾಲು ಕಂಡರೆ ನನಗಂತೂ ವಿಶ್ವಾಸ ಹೆಚ್ಚುತ್ತದೆ. ಫೋಟೋದಲ್ಲಿ ಎಲ್ಲ ಕಾಯಿಯೂ ಒಂದೇ ಗಾತ್ರ, ಬಿಳಿ ಹಿನ್ನೆಲೆ ಇದ್ದರೆ ಅದನ್ನು ಇಮೇಜ್ ಸರ್ಚ್‌ಗೆ ಹಾಕಿ ನೋಡಿ. ಹತ್ತು ಕಡೆ ಅದೇ ಚಿತ್ರ ಸಿಕ್ಕರೆ ಅದರಿಂದ ನಿಮಗೆ ಏನೂ ತಿಳಿಯುವುದಿಲ್ಲ.

ಅನುಮಾನ ಉಳಿದರೆ ಚಾಟ್‌ನಲ್ಲಿ ಮೂರು ಪ್ರಶ್ನೆ ಹಾಕಿ. ಇದನ್ನು ಯಾವ ದಿನ ಕೊಯ್ಯುತ್ತೀರಿ? ಪಟ್ಟಿಯಲ್ಲಿ ಬೇರೆಯವರ ಮಾಲು ಸೇರಿದ್ದರೆ ಯಾವುದು? ಮುಂದಿನ ಎರಡು ವಾರದಲ್ಲಿ ಯಾವುದು ಮುಗಿಯುತ್ತದೆ, ಯಾವುದು ಶುರುವಾಗುತ್ತದೆ? ಮೂರನೆಯದಕ್ಕೆ ಬೆಳೆದವರು ಯೋಚಿಸದೆ ಉತ್ತರಿಸುತ್ತಾರೆ, ಯಾಕೆಂದರೆ ಅದು ಅವರ ಕಣ್ಣೆದುರಿನ ಸಾಲು. ತಂದು ಮಾರುವವರು ‘ಎಲ್ಲವೂ ಯಾವಾಗಲೂ ಸಿಗುತ್ತೆ’ ಅನ್ನುತ್ತಾರೆ. ಒಂದು ಮಾತು ಸೇರಿಸಬೇಕು. ಪಕ್ಕದ ಹೊಲದವರ ಮಾಲನ್ನು ಸೇರಿಸಿ ಮಾರುವುದರಲ್ಲಿ ತಪ್ಪೇನಿಲ್ಲ. ಸಣ್ಣ ಬೆಳೆಗಾರರು ಬುಟ್ಟಿ ತುಂಬಿಸುವುದೇ ಹಾಗೆ. ಅದನ್ನು ಹೇಳದೆ ಮಾರುವುದು ತಪ್ಪು.

---

ತಕ್ಕಡಿಮುಳ್ಳು

ತೂಕದ ಪ್ರಶ್ನೆಗೆ ನನ್ನ ಉತ್ತರ.

‘ಕಟ್ಟು’ ಅಳತೆಯಲ್ಲ. ಒಬ್ಬರ ಕಟ್ಟು 120 ಗ್ರಾಂ, ಇನ್ನೊಬ್ಬರದ್ದು 300. ಮೊದಲ ಆರ್ಡರಿನಲ್ಲಿ ಪ್ರತಿ ಮಾರಾಟಗಾರರಿಂದ ಒಂದೊಂದೇ ಕಟ್ಟು ತರಿಸಿ, ನೀರು ಕೊಡವಿ, ದಾರ ಬಿಚ್ಚಿ, ಬೇರು ಇದ್ದರೆ ಕತ್ತರಿಸಿ ತೂಗಿ. ಆ ಸಂಖ್ಯೆಯನ್ನು ಫೋನಿನ ನೋಟ್ಸ್‌ನಲ್ಲಿ ಮಾರಾಟಗಾರರ ಹೆಸರಿನ ಮುಂದೆ ಬರೆದಿಡಿ. ಮುಂದಿನ ಸಲ ಬೆಲೆಯನ್ನು ಈ ಗ್ರಾಂನಿಂದ ಭಾಗಿಸಿ, 100ರಿಂದ ಗುಣಿಸಿ. ಹೋಲಿಕೆ ನ್ಯಾಯವಾಗುವುದು 100 ಗ್ರಾಂ ತಿನ್ನುವ ಭಾಗಕ್ಕೆ ಎಷ್ಟು ಎಂದು ನೋಡಿದಾಗ ಮಾತ್ರ. ಸಿಪ್ಪೆಸಮೇತ ಹಸಿ ಬಟಾಣಿ 1 ಕೆಜಿ ಬಿಡಿಸಿದರೆ ಕಾಳು 400 ಗ್ರಾಂ ಆಸುಪಾಸು; ಬಿಡಿಸಿದ ಕಾಳು ದುಪ್ಪಟ್ಟು ಬೆಲೆಗೆ ಇದ್ದರೂ ಅದು ದುಬಾರಿಯಲ್ಲ. ಬೀಟ್‌ರೂಟ್, ಮೂಲಂಗಿ ಎಲೆಸಮೇತ ಬಂದಾಗ ಎಲೆಯನ್ನೂ ಅಡುಗೆಗೆ ಹಾಕುವವರಿಗೆ ಒಂದು ಲೆಕ್ಕ, ಬಿಸಾಡುವವರಿಗೆ ಇನ್ನೊಂದು.

ಬಿಲ್ಲು ಬದಲಾಗುವುದು ಯಾಕೆ ಅಂದಿರಿ. ಕುಂಬಳ, ಎಲೆಕೋಸು, ಮಾಂಸದಂಥವು ಹೇಳಿದಷ್ಟೇ ತೂಗುವುದಿಲ್ಲ. ಆರ್ಡರ್ ಹೊತ್ತಿಗೆ ಅಂದಾಜು ತೂಕಕ್ಕೆ ಸ್ವಲ್ಪ ಸೇರಿಸಿ ಕಾರ್ಡಿನಲ್ಲಿ ಮೊತ್ತವನ್ನು ತಡೆಹಿಡಿಯುತ್ತಾರೆ, ಪ್ಯಾಕ್ ಮಾಡುವಾಗ ತೂಗಿ ನಿಜ ಮೊತ್ತವನ್ನಷ್ಟೇ ಪಡೆದು ಉಳಿದದ್ದನ್ನು ಬಿಡುತ್ತಾರೆ. ಬಿಟ್ಟ ಹಣ ಬ್ಯಾಂಕಿನಲ್ಲಿ ಮತ್ತೆ ಕಾಣಲು ಕೆಲವು ದಿನ ಹಿಡಿಯುವುದುಂಟು, ಅದನ್ನು ಮೋಸ ಅಂದುಕೊಳ್ಳಬೇಡಿ. ನೋಡಬೇಕಾದ್ದು ಬೇರೆ: ಬಿಲ್ಲಿನಲ್ಲಿ ‘ಆರ್ಡರ್ ಮಾಡಿದ ತೂಕ’, ‘ಕೊಟ್ಟ ತೂಕ’ ಎರಡೂ ಪ್ರತ್ಯೇಕ ಕಾಲಂ ಇದೆಯೇ? 1 ಕೆಜಿ ಎಂದದ್ದು 880 ಗ್ರಾಂ ಬಂದು ಬಿಲ್ಲು 1 ಕೆಜಿಗೇ ಇದ್ದರೆ 12% ನಷ್ಟ. ವಾರ ವಾರ ಹಾಗಾದರೆ ಅದು ಆಕಸ್ಮಿಕವಲ್ಲ.

ಮನೆಯ ತಕ್ಕಡಿಯನ್ನೂ ಒಮ್ಮೆ ಪರೀಕ್ಷಿಸಿ. ಖಾಲಿ ಪಾತ್ರೆ ಇಟ್ಟು ಸೊನ್ನೆ ಮಾಡಿ, ಸರಿಯಾಗಿ ಅಳೆದ 1 ಲೀಟರ್ ನೀರು ಹಾಕಿ. 1 ಕೆಜಿಗೆ ಕೆಲವು ಗ್ರಾಂ ಆಚೀಚೆ ತೋರಿಸಬೇಕು. ಸೊಪ್ಪಿನಲ್ಲಿ ಮಾತ್ರ ಚೌಕಾಶಿ ಬೇಡ. ಕಿತ್ತ ಮೇಲೆ ಅದರ ನೀರು ಆರುತ್ತದೆ, ಹೊಲದಲ್ಲಿ 200 ಗ್ರಾಂ ತೂಗಿದ್ದು ಮನೆಗೆ 190 ಆಗುವುದು ಸಹಜ. ಎದುರಿನ ತಪ್ಪೂ ಉಂಟು: ತೂಕ ಹೆಚ್ಚಲಿ ಅಂತ ನೀರು ತೊಟ್ಟಿಕ್ಕುವ ಕಟ್ಟನ್ನೇ ಕವರಿಗೆ ತುರುಕುವುದು. ನೀರಿನ ತೂಕಕ್ಕೂ ಹಣ ಹೋಗುತ್ತದೆ, ಅದೇ ನೀರಿನಿಂದ ಸೊಪ್ಪೂ ಕೊಳೆಯುತ್ತದೆ.

‘ಬದಲಿ’ ಸೆಟ್ಟಿಂಗ್ ಮುಟ್ಟದೆ ಬಿಡಬೇಡಿ. ಎಷ್ಟೋ ಆ್ಯಪ್‌ಗಳಲ್ಲಿ ಮಾಲು ಮುಗಿದರೆ ಅಂಥದ್ದೇ ಇನ್ನೊಂದನ್ನು ಹಾಕಿ ಕಳಿಸುವ ಆಯ್ಕೆ ಮೊದಲೇ ಆನ್ ಆಗಿರುತ್ತದೆ. ಹತ್ತಿರದ ಬೆಳೆಗಾರರ ಟೊಮೆಟೊ ಆರಿಸಿ, ಮುಗಿದಾಗ ಸಾವಿರ ಕಿಲೋಮೀಟರ್ ಆಚೆಯ ಟೊಮೆಟೊ ಬುಟ್ಟಿಗೆ ಬೀಳುವುದು ಹೀಗೆ. ‘ಬದಲಿ ಬೇಡ, ಹಣ ಹಿಂದಿರುಗಿಸಿ’ ಅಂತ ಇಡಿ. ‘ಅದೇ ಬೆಳೆಗಾರರ ಬೇರೆ ತರಕಾರಿ’ ಎಂಬ ಆಯ್ಕೆ ಕೊಡುವ ವೇದಿಕೆ ಸಿಕ್ಕರೆ ಅದೇ ಎಲ್ಲಕ್ಕಿಂತ ಒಳ್ಳೆಯದು.

---

ತಂಪುಕೋಣೆ

ಮೂರನೆಯ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಆದರೆ ಮಾಲು ನೋಡಿದರೆ ತಪ್ಪು ಎಲ್ಲಿ ಆಯಿತೆಂದು ಬಹಳ ಮಟ್ಟಿಗೆ ಹೇಳಬಹುದು.

ಕಿತ್ತ ಮೇಲೂ ಸೊಪ್ಪು, ಕಾಯಿ ಉಸಿರಾಡುತ್ತವೆ. ಬಿಸಿಲಿನಲ್ಲಿ ಕಿತ್ತ ಎಲೆಯಲ್ಲಿ ಹೊಲದ ಕಾವು ಹಾಗೇ ಉಳಿದಿರುತ್ತದೆ. ಕಾವು ಹೆಚ್ಚಿದಷ್ಟೂ ಉಸಿರಾಟ ಹೆಚ್ಚು, ನೀರು ಹೋಗುವುದೂ ಹೆಚ್ಚು. ಪಾಲಕ್‌ನಂಥ ಎಲೆ ತನ್ನ ತೂಕದ ಸುಮಾರು 3% ನೀರು ಕಳೆದುಕೊಂಡರೆ ಸಾಕು, ಬಾಡಿದ್ದು ಕಣ್ಣಿಗೆ ಕಾಣುತ್ತದೆ. ಅದಕ್ಕೇ ನಸುಕಿನಲ್ಲಿ ಕೊಯ್ದು, ನೆರಳಿಗೆ ತಂದು, ತಣ್ಣೀರಿನಲ್ಲಿ ಅದ್ದಿ, ನೀರು ಇಳಿಸಿ ಪ್ಯಾಕ್ ಮಾಡುವವರ ಸೊಪ್ಪು ಮೂರು ದಿನವಾದರೂ ನೆಟ್ಟಗಿರುತ್ತದೆ. ಮಧ್ಯಾಹ್ನ ಕೊಯ್ದು ಸಂಜೆಗೇ ತಲುಪಿಸಿದ ಸೊಪ್ಪು ಅದಕ್ಕಿಂತ ‘ತಾಜಾ’ ಆಗಿದ್ದರೂ ರಾತ್ರಿಗೆ ಜೋತುಬೀಳುತ್ತದೆ. ಹತ್ತಿರದ್ದು ಅಂದಮಾತ್ರಕ್ಕೆ ಬಾಳಿಕೆ ಬರುವುದಿಲ್ಲ. ಚಾಟ್‌ನಲ್ಲಿ ‘ಯಾವ ದಿನ ಕೊಯ್ಯುತ್ತೀರಿ’ ಅಂತ ಕೇಳುವಾಗ ‘ಎಷ್ಟು ಹೊತ್ತಿಗೆ’ ಅಂತಲೂ ಸೇರಿಸಿ.

ಈಗ ಎಲೆಯನ್ನು ಕೈಗೆತ್ತಿಕೊಳ್ಳಿ. ಜೋತುಬಿದ್ದಿದೆ, ಬಣ್ಣ ಸರಿಯಿದೆ, ಲೋಳೆ ಇಲ್ಲ: ನೀರು ಹೋಗಿದೆ ಅಷ್ಟೇ. ಕಾಂಡದ ತುದಿ 1 ಸೆಂಟಿಮೀಟರ್ ಕತ್ತರಿಸಿ ತಣ್ಣೀರಿನಲ್ಲಿ 15ರಿಂದ 30 ನಿಮಿಷ ನಿಲ್ಲಿಸಿ, ಎದ್ದು ನಿಲ್ಲುತ್ತದೆ. ಅಂಚು ಗಾಜಿನ ಹಾಗೆ ಪಾರದರ್ಶಕವಾಗಿ, ಮುಟ್ಟಿದರೆ ನೀರು ಒಸರಿದರೆ ಅದು ಹೆಪ್ಪುಗಟ್ಟಿದ್ದು. ಐಸ್ ಪ್ಯಾಕ್‌ಗೆ ಒತ್ತಿ ಇಟ್ಟಾಗ ಆಗುವ ಗಾಯ ಇದು, ಪ್ಯಾಕ್ ಮಾಡಿದವರ ತಪ್ಪು, ನೀರಿಗೆ ಹಾಕಿದರೂ ಸರಿಹೋಗುವುದಿಲ್ಲ. ಒಳಗಿನ ಎಲೆ ಹಳದಿ, ಬುಡದಲ್ಲಿ ಲೋಳೆ, ಹುಳಿ ವಾಸನೆ ಇದ್ದರೆ ಹಳೆಯ ಮಾಲು ಅಥವಾ ಒದ್ದೆಯಾಗಿಯೇ ಬಿಗಿದು ಕಟ್ಟಿದ್ದು. ಆ ಭಾಗ ತಿನ್ನಬೇಡಿ. ಅಂಚುಗಳು ಕಪ್ಪಾಗಿ ಹರಿದಿದ್ದರೆ ಭಾರದ ಕೆಳಗೆ ಸಿಕ್ಕಿದೆ. ಡಬ್ಬದಲ್ಲಿ ಆಲೂಗಡ್ಡೆ, ಕುಂಬಳ ಕೆಳಗೆ, ಟೊಮೆಟೊ ನಡುವೆ, ಸೊಪ್ಪು ಎಲ್ಲಕ್ಕಿಂತ ಮೇಲೆ ಇರಬೇಕು. ತೆರೆದ ಕೂಡಲೇ ಈ ಕ್ರಮ ತಪ್ಪಿದ್ದು ಕಂಡರೆ ಮುಟ್ಟುವ ಮೊದಲೇ ಒಂದು ಫೋಟೋ ತೆಗೆದಿಡಿ.

ಟೊಮೆಟೊ ಮೆತ್ತಗಾಗುವುದಕ್ಕೆ ಎರಡು ದಾರಿ. ಪೂರ್ತಿ ಹಣ್ಣಾದ ಮೇಲೆ ಕಿತ್ತದ್ದು ಎರಡು ಮೂರು ದಿನದ ಮಾಲೇ ಹೌದು, ರುಚಿಯೂ ಅದರದ್ದೇ ಹೆಚ್ಚು. ವಾರದ ಆರ್ಡರಿಗೆ ಅರ್ಧ ಹಣ್ಣು, ಅರ್ಧ ದೋರುಗಾಯಿ ಕೊಡಿ ಅಂತ ಟಿಪ್ಪಣಿಯಲ್ಲಿ ಬರೆಯಿರಿ. ದೊಡ್ಡ ಗೋದಾಮಿಗೆ ಇದು ಆಗದು, ಬೆಳೆಗಾರರಿಗೆ ಸುಲಭ. ಇನ್ನೊಂದು ದಾರಿ ಫ್ರಿಜ್ಜು. ಹಣ್ಣಾಗದ ಟೊಮೆಟೊ 10–12 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಚ್ಚು ದಿನ ಇದ್ದರೆ ಆಮೇಲೆ ಸರಿಯಾಗಿ ಕೆಂಪಾಗುವುದಿಲ್ಲ, ಪರಿಮಳ ಸಾಯುತ್ತದೆ, ಮೇಲೆ ಗುಳಿ ಬೀಳುತ್ತದೆ. ಸೌತೆಯೂ 10ಕ್ಕಿಂತ ಕೆಳಗೆ ಕೆಲವೇ ದಿನಕ್ಕೆ ನೀರು ನೀರಾಗುತ್ತದೆ. ಬಾಳೆಹಣ್ಣಿನ ಸಿಪ್ಪೆ 13ಕ್ಕಿಂತ ಕೆಳಗೆ ಕಪ್ಪಾಗುತ್ತದೆ. ತಂಪು ಎಲ್ಲಕ್ಕೂ ಒಳ್ಳೆಯದಲ್ಲ. ‘ಎಲ್ಲವೂ ಫ್ರಿಜ್ ವಾಹನದಲ್ಲೇ ಬರುತ್ತದೆ’ ಎಂಬ ಜಾಹೀರಾತು ಸೊಪ್ಪಿಗೆ ವರ, ಇವಕ್ಕೆ ಹಾನಿ.

ಮನೆಗೆ ಬಂದ ಮೇಲಿನ ಜೋಡಣೆ: ಸೊಪ್ಪು, ಕೋಸು, ಕ್ಯಾರೆಟ್ ಫ್ರಿಜ್ಜಿನ ಕೆಳಗಿನ ಡ್ರಾಯರ್‌ಗೆ, 0–4 ಡಿಗ್ರಿಗೆ. ಸೊಪ್ಪನ್ನು ಒಣಬಟ್ಟೆಯಲ್ಲಿ ಸುತ್ತಿ, ಸಡಿಲ ಮುಚ್ಚಳದ ಡಬ್ಬಿಯಲ್ಲಿ ಇಡಿ. ತೊಳೆಯುವುದು ಬಳಸುವ ಮುಂಚೆ. ಕ್ಯಾರೆಟ್, ಬೀಟ್‌ರೂಟ್, ಮೂಲಂಗಿಯ ಎಲೆಯನ್ನು ಬಂದ ದಿನವೇ ಕತ್ತರಿಸಿ ಬೇರೆ ಇಡಿ, ಇಲ್ಲದಿದ್ದರೆ ಎಲೆ ಗಡ್ಡೆಯ ನೀರನ್ನೇ ಎಳೆದು ಗಡ್ಡೆ ರಬ್ಬರಿನಂತಾಗುತ್ತದೆ. ಟೊಮೆಟೊ, ಮಾವು, ಬಾಳೆ, ಸೇಬು ಹಣ್ಣಾಗುವಾಗ ಎಥಿಲೀನ್ ಅನಿಲ ಬಿಡುತ್ತವೆ; ಪಕ್ಕದಲ್ಲಿ ಸೊಪ್ಪು ಇದ್ದರೆ ಹಳದಿಯಾಗುತ್ತದೆ, ಕ್ಯಾರೆಟ್ ಇದ್ದರೆ ಕಹಿಯಾಗುತ್ತದೆ. ಸೇಬಿನ ಜೊತೆ ಒಂದೇ ಡ್ರಾಯರ್‌ನಲ್ಲಿ ವಾರ ಕಳೆದ ಕ್ಯಾರೆಟ್ ಕಹಿಯಾದರೆ ಬೆಳೆದವರ ಮೇಲೆ ದೂರಬೇಡಿ. ಆಲೂಗಡ್ಡೆ ಕತ್ತಲಲ್ಲಿ, ಫ್ರಿಜ್ಜಿನ ಹೊರಗೆ, ಈರುಳ್ಳಿಯಿಂದ ದೂರ. ತೀರಾ ತಂಪಿನಲ್ಲಿ ಅದರ ಪಿಷ್ಟ ಸಕ್ಕರೆಯಾಗಿ, ಕರಿದರೆ ಬೇಗ ಕಪ್ಪಾಗುತ್ತದೆ. ಹಸಿರಾದ ಆಲೂಗಡ್ಡೆ ಬಂದರೆ ಅದು ಬೆಳಕಿನಲ್ಲಿ ಇಟ್ಟಿದ್ದು, ಸೊಲಾನಿನ್ ಎಂಬ ವಿಷಾಂಶ ಇರುತ್ತದೆ, ಹಿಂದಿರುಗಿಸಿ.

ಹಾಲು, ಮಾಂಸ, ಮೀನಿನ ವಿಷಯದಲ್ಲಿ ರಿಯಾಯಿತಿ ಇಲ್ಲ. 5ರಿಂದ 60 ಡಿಗ್ರಿಯ ನಡುವೆ ರೋಗಾಣು ಬೇಗ ಬೆಳೆಯುತ್ತದೆ. ಆ ಕಾವಿನಲ್ಲಿ ಒಟ್ಟು 2 ಗಂಟೆಗಿಂತ ಹೆಚ್ಚು ಇರಬಾರದು, ಹೊರಗೆ 32 ಡಿಗ್ರಿ ಮೀರಿದ್ದರೆ 1 ಗಂಟೆ. ಅಡುಗೆಯ ಥರ್ಮಾಮೀಟರ್ ಒಂದು ಇಟ್ಟುಕೊಳ್ಳಿ. ಪ್ಯಾಕೆಟ್ ಚುಚ್ಚಬೇಕಿಲ್ಲ, ಎರಡು ಪ್ಯಾಕೆಟ್‌ಗಳ ನಡುವೆ ಒತ್ತಿ ಹಿಡಿದು ಅಂಕಿ ನಿಲ್ಲುವ ತನಕ ಕಾಯಿರಿ, ಅದರ ಫೋಟೋ ತೆಗೆಯಿರಿ. ಹಸಿ ಹಾಲನ್ನು ನೇರವಾಗಿ ತರಿಸುವವರು ಬಂದ ಕೂಡಲೇ ಕುದಿಸಬೇಕು. ‘ಶುದ್ಧ, ನೇರ ಕೊಟ್ಟಿಗೆಯಿಂದ’ ಎಂಬ ಬರಹ ರೋಗಾಣುವನ್ನು ತಡೆಯುವುದಿಲ್ಲ.

---

ವಾರದಬುಟ್ಟಿ

ತುಂಬಾ ಉಪಕಾರವಾಯಿತು. ಎಲೆ ನೋಡಿ ತಪ್ಪು ಹಿಡಿಯುವ ಭಾಗ ಎಲ್ಲೂ ಓದಿರಲಿಲ್ಲ.

ಇನ್ನೆರಡು ಅನುಮಾನ. ದೂರು ಕೊಡಲು 24 ಗಂಟೆ ಗಡುವು ಅಂತ ಷರತ್ತಿನಲ್ಲಿ ಇರುತ್ತದೆ. ಒಳಗೆ ಕೆಟ್ಟ ಹಣ್ಣು ಮೂರನೇ ದಿನ ಕೊಯ್ದಾಗ ಗೊತ್ತಾದರೆ ಏನು ಮಾಡುವುದು? ಇನ್ನೊಂದು, ‘ಸಾವಯವ’, ‘ನೈಸರ್ಗಿಕ’, ‘ವಿಷಮುಕ್ತ’ ಪದಗಳಲ್ಲಿ ಯಾವುದಕ್ಕೆ ಬೆಲೆ ಕೊಡಬೇಕು? ಜೇನು, ಮೊಟ್ಟೆಯಲ್ಲಂತೂ ಇವೇ ತುಂಬಿವೆ.

---

ಗುರುತುಚೀಟಿ

ಎರಡನೆಯದು ಮೊದಲು. ಮೂರು ಪದಗಳಲ್ಲಿ ‘ಸಾವಯವ’ ಒಂದಕ್ಕೆ ಮಾತ್ರ ಸಾಮಾನ್ಯವಾಗಿ ಬರೆದಿಟ್ಟ ಮಾನದಂಡ ಇರುತ್ತದೆ, ಅದೂ ಪ್ರಮಾಣಪತ್ರ ಇದ್ದರೆ. ಪ್ರಮಾಣಪತ್ರದ ಚಿತ್ರ ಹಾಕಿದ್ದಾರೆ ಅಂತ ಸುಮ್ಮನಾಗಬೇಡಿ. ತೆರೆದು ನಾಲ್ಕು ಸಾಲು ಓದಿ: ಹೆಸರು ಮಾರಾಟಗಾರರದ್ದೇ ಇದೆಯೇ, ಅವಧಿ ಮುಗಿದಿಲ್ಲವೇ, ಕೊಟ್ಟ ಸಂಸ್ಥೆ ಯಾವುದು, ಬೆಳೆಗಳ ಪಟ್ಟಿಯಲ್ಲಿ ನೀವು ಕೊಳ್ಳುತ್ತಿರುವುದು ಇದೆಯೇ. ಕೊನೆಯದನ್ನೇ ಜನ ನೋಡುವುದಿಲ್ಲ. ಧಾನ್ಯಕ್ಕೆ ಪಡೆದ ಪತ್ರವನ್ನು ತೋರಿಸಿ ಟೊಮೆಟೊ ಮಾರುವುದು ಹೀಗೇ ನಡೆಯುತ್ತದೆ. ನಂತರ ಪತ್ರದ ಸಂಖ್ಯೆಯನ್ನು ಕೊಟ್ಟ ಸಂಸ್ಥೆಯ ಜಾಲತಾಣದಲ್ಲಿ ಹಾಕಿ ನೋಡಿ. ‘ಪರಿವರ್ತನೆಯ ಹಂತ’ ಅಂತ ಬರೆದಿದ್ದರೆ ರಾಸಾಯನಿಕ ನಿಲ್ಲಿಸಿ ಇನ್ನೂ ಪೂರ್ಣ ಅವಧಿ ಆಗಿಲ್ಲ ಎಂದರ್ಥ. ಹಾಗೆ ಬರೆದವರು ಪ್ರಾಮಾಣಿಕರು, ಅವರಿಂದ ಕೊಳ್ಳುವುದು ಒಳ್ಳೆಯದೇ.

ಸಣ್ಣ ಬೆಳೆಗಾರರಲ್ಲಿ ಖಾಸಗಿ ಸಂಸ್ಥೆಯ ಪತ್ರ ಇಲ್ಲದಿರಬಹುದು, ಖರ್ಚು ಹೆಚ್ಚು. ಅದಕ್ಕೇ ‘ಸಹಭಾಗಿ ಖಾತರಿ ಪದ್ಧತಿ’ ಬಂದದ್ದು: ಬೆಳೆಗಾರರ ಗುಂಪೇ ಒಬ್ಬರ ಹೊಲ ಇನ್ನೊಬ್ಬರು ನೋಡಿ ಸಹಿ ಹಾಕುವುದು, ಕೆಲವೆಡೆ ಕೊಳ್ಳುವವರೂ ಸೇರುವುದು. ಸಾವಯವ ಕೃಷಿಯ ಜಾಗತಿಕ ಒಕ್ಕೂಟ ಐಫೋಮ್ ಇದನ್ನು ಬೆಂಬಲಿಸುತ್ತದೆ. ಗುಂಪಿನ ಹೆಸರು, ಕೊನೆಯ ಭೇಟಿಯ ದಿನಾಂಕ ಕೇಳಿ. ‘ನೈಸರ್ಗಿಕ’, ‘ವಿಷಮುಕ್ತ’ ಎಂಬುವಕ್ಕೆ ಒಂದೇ ಪ್ರಶ್ನೆ ಸಾಕು: ಹುಳ ಬಿದ್ದಾಗ ಏನು ಸಿಂಪಡಿಸುತ್ತೀರಿ, ಸಿಂಪಡಿಸಿದ ಎಷ್ಟು ದಿನಕ್ಕೆ ಕೊಯ್ಯುತ್ತೀರಿ? ಉತ್ತರದಲ್ಲಿ ಸಾಮಗ್ರಿಯ ಹೆಸರೂ ದಿನಗಳ ಸಂಖ್ಯೆಯೂ ಇರಬೇಕು.

ಜೇನು ಹರಳುಗಟ್ಟಿದರೆ ಕಲಬೆರಕೆ ಅಂತ ಹಿಂದಿರುಗಿಸುವವರು ಬಹಳ. ಹರಳುಗಟ್ಟುವುದು ಜೇನಿನ ಸಹಜ ಗುಣ. 40 ಡಿಗ್ರಿ ಆಸುಪಾಸಿನ ನೀರಿನಲ್ಲಿ ಬಾಟಲಿ ಇಟ್ಟರೆ ಕರಗುತ್ತದೆ. ನೀರಿನ ಲೋಟಕ್ಕೆ ಹಾಕುವುದು, ಬೆಂಕಿಕಡ್ಡಿಗೆ ಹಚ್ಚುವುದು, ಇಂಥ ಮನೆಪರೀಕ್ಷೆಗಳಿಂದ ಕಲಬೆರಕೆ ಗೊತ್ತಾಗುವುದಿಲ್ಲ, ದಯವಿಟ್ಟು ಅವನ್ನು ವಿಡಿಯೋ ಮಾಡಿ ಬೆಳೆಗಾರರ ಹೆಸರು ಕೆಡಿಸಬೇಡಿ. ನೀರಿನಂಶ ಕೇಳಿ: ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಸಾಮಾನ್ಯ ಜೇನಿಗೆ ಇಟ್ಟ ಮಿತಿ 20%. ಅದಕ್ಕಿಂತ ಹೆಚ್ಚಿದ್ದರೆ ಹುಳಿಯುತ್ತದೆ, ನೊರೆ ಬರುತ್ತದೆ. ಅದನ್ನು ಅಳೆಯುವ ರಿಫ್ರಾಕ್ಟೋಮೀಟರ್ ಎಂಬ ಸಲಕರಣೆಯನ್ನು ಸಣ್ಣ ಜೇನುಸಾಕಣೆಯವರೂ ಇಟ್ಟುಕೊಂಡಿರುವುದುಂಟು. 1 ವರ್ಷದೊಳಗಿನ ಮಗುವಿಗೆ ಜೇನು ಎಷ್ಟೇ ಶುದ್ಧವಿದ್ದರೂ ಕೊಡಬಾರದು, ಬಾಟುಲಿಸಂ ಎಂಬ ಮಾರಕ ವಿಷಬಾಧೆಯ ಅಪಾಯ ಉಂಟು. ಮೊಟ್ಟೆಯಾದರೆ ಕೋಳಿ ಅದನ್ನು ಇಟ್ಟ ದಿನಾಂಕ ಕೇಳಿ, ತೊಳೆದದ್ದೋ ಅಲ್ಲವೋ ಕೇಳಿ. ತೊಳೆದರೆ ಚಿಪ್ಪಿನ ಮೇಲಿನ ರಕ್ಷಣಾ ಪದರ ಹೋಗುತ್ತದೆ, ಅಂಥದ್ದು ಫ್ರಿಜ್ಜಿನಲ್ಲೇ ಇರಬೇಕು. ನೀರಿನಲ್ಲಿ ತೇಲಿದರೆ ಹಳೆಯದು; ಮುಳುಗಿದಮಾತ್ರಕ್ಕೆ ರೋಗಾಣು ಇಲ್ಲ ಅಂತಲ್ಲ.

ಈಗ ದೂರು. ಡಬ್ಬ ತೆರೆಯುವ ಮೊದಲು ಹೊರಗಿನ ಚೀಟಿ, ತೆರೆದ ಕೂಡಲೇ ಮೇಲಿನಿಂದ ಒಂದು, ಕೆಟ್ಟದ್ದು ತಕ್ಕಡಿಯ ಮೇಲೆ ಒಂದು. ಈ ಮೂರು ಫೋಟೋಗಳಲ್ಲಿ ಆರ್ಡರ್ ಸಂಖ್ಯೆ, ಲಾಟ್ ಸಂಖ್ಯೆ (ಒಟ್ಟಿಗೆ ಪ್ಯಾಕ್ ಮಾಡಿದ ಮಾಲಿನ ಗುರುತು), ತೂಕ ಕಾಣಬೇಕು. ‘ಸರಿ ಇರಲಿಲ್ಲ’ ಎಂದು ಬರೆದರೆ ಗ್ರಾಹಕ ಸೇವೆಯವರು ಪ್ರಶ್ನೆ ಕೇಳುತ್ತಾ ಗಡುವು ದಾಟಿಸುತ್ತಾರೆ. ‘1.2 ಕೆಜಿಯಲ್ಲಿ 350 ಗ್ರಾಂ ಕೊಳೆತಿದೆ, ಅಷ್ಟರ ಹಣ ಹಿಂದಿರುಗಿಸಿ’ ಅಂತ ಬರೆದರೆ ಒಂದೇ ಸುತ್ತಿಗೆ ಮುಗಿಯುತ್ತದೆ. ಹಣ್ಣಿನ ವಿಷಯದಲ್ಲಿ ಬಂದ ದಿನವೇ ಒಂದನ್ನು ಕೊಯ್ದು ನೋಡಿ. ಲಾಟ್ ಕೆಟ್ಟಿದ್ದರೆ ಒಂದರಲ್ಲೇ ಬಹಳ ಸಲ ಸುಳಿವು ಸಿಗುತ್ತದೆ. ಆದರೂ ಮೂರನೇ ದಿನ ಒಳಗೆ ಕಪ್ಪು ಕಂಡರೆ ಗಡುವು ಮುಗಿದಿದೆ ಅಂತ ಬಿಡಬೇಡಿ. ಹೊರಗಿನಿಂದ ಕಾಣದ ದೋಷ ಅಂತ ಸ್ಪಷ್ಟವಾಗಿ ಬರೆದು, ಕೊಯ್ದ ಹಣ್ಣಿನ ಫೋಟೋ ಸಮೇತ ಬೆಳೆಗಾರರಿಗೂ ವೇದಿಕೆಗೂ ಕಳಿಸಿ. ಹಣ ಬರಲಿ ಬಿಡಲಿ, ಯಾವ ಮರ, ಯಾವ ಲಾಟ್ ಅಂತ ಹುಡುಕಲು ಬೆಳೆದವರಿಗೆ ಅದು ಬೇಕು.

ಹಣವನ್ನು ಯಾವಾಗಲೂ ವೇದಿಕೆಯ ಒಳಗೇ ಕಟ್ಟಿ. ‘ನೇರವಾಗಿ ನನಗೇ ಕಳಿಸಿ, ಕಡಿಮೆ ಮಾಡುತ್ತೇನೆ’ ಅಂದಾಗ ಹೊರಗೆ ಕಟ್ಟಿದರೆ ಹಿಂಪಡೆಯುವ ದಾರಿ ಮುಚ್ಚಿತು. ರೆಕೊ ಥರದ ಗುಂಪುಗಳಲ್ಲಿ ನೇರ ಪಾವತಿಯೇ ಪದ್ಧತಿ. ಅಲ್ಲಿ ಮಾಲು ಕೈಗೆ ಬಂದ ಮೇಲೆ ಕೊಡಿ.

---

ಸಾಲುಸಸಿ

ತಕ್ಕಡಿಮುಳ್ಳು ಹೇಳಿದ್ದಕ್ಕೆ ಒಂದು ತಿದ್ದುಪಡಿ. ತೂಕದಲ್ಲಿ 12% ಕಡಿಮೆಯಾದ ಮಾತು ಸರಿ, ಆದರೆ ದೂರು ಕೊಡುವ ಮೊದಲು ಪಟ್ಟಿಯ ಸಣ್ಣಕ್ಷರ ಓದಿ. ಎಷ್ಟೋ ಬೆಳೆಗಾರರು ‘800 ಗ್ರಾಂನಿಂದ 1.2 ಕೆಜಿ’ ಎಂದು ಒಂದೇ ಬೆಲೆ ಇಟ್ಟಿರುತ್ತಾರೆ, ಕಾಯಿಯನ್ನು ತುಂಡು ಮಾಡಲಾಗದ್ದಕ್ಕೆ. ಒಂದು ವಾರ ಕಡಿಮೆ, ಒಂದು ವಾರ ಹೆಚ್ಚು. ನಾಲ್ಕು ವಾರದ ಸರಾಸರಿ 1 ಕೆಜಿ ಹತ್ತಿರ ಇದ್ದರೆ ಅದು ನ್ಯಾಯವಾದ ವ್ಯಾಪಾರ.

ತಕ್ಕಡಿಮುಳ್ಳು

ಒಪ್ಪಿದೆ, ಆ ವ್ಯಾಪ್ತಿ ಬರೆದಿದ್ದರೆ. ಬರೆಯದೆ ಬರೇ ‘1 ಕೆಜಿ’ ಅಂತ ಹಾಕಿದ್ದರೆ ನಾನು ಹೇಳಿದ್ದೇ.

ವಾರದಬುಟ್ಟಿ

ಕೊನೆಯದಾಗಿ ಒಂದು. ಚಂದಾ ಬುಟ್ಟಿಗೆ ಸೇರುವುದೋ, ಪ್ರತಿ ವಾರ ಆರಿಸಿಕೊಳ್ಳುವುದೋ?

ಸಾಲುಸಸಿ

ಮೊದಲ ನಾಲ್ಕು ವಾರ ಆರಿಸಿಕೊಳ್ಳಿ. ಮನೆಯಲ್ಲಿ ವಾರಕ್ಕೆ ನಿಜವಾಗಿ ಮುಗಿಯುವುದು ಎಷ್ಟು, ಕಸಕ್ಕೆ ಹೋಗುವುದು ಎಷ್ಟು ಅಂತ ತೂಗಿ ಬರೆಯಿರಿ. ಬಿಸಾಡುವುದು ಸೊಪ್ಪೇ ಆಗಿದ್ದರೆ ದೋಷ ಬುಟ್ಟಿಯದ್ದಲ್ಲ, ಬಳಸುವ ಕ್ರಮದ್ದು: ಎಳೆ ಸೊಪ್ಪು ಮೊದಲ ಎರಡು ದಿನ, ಬೆಂಡೆ, ಬೀನ್ಸ್, ಸೌತೆ ನಾಲ್ಕನೆಯ ದಿನದೊಳಗೆ, ಕೋಸು, ಕ್ಯಾರೆಟ್, ಕುಂಬಳ ಕೊನೆಗೆ.

ಆಮೇಲೆ ಚಂದಾಕ್ಕೆ ಸೇರುವುದಾದರೆ ಮೂರನ್ನು ಮೊದಲೇ ಕೇಳಿ. ಒಂದು ವಾರ ಬೇಡವೆಂದರೆ ಎಷ್ಟು ದಿನ ಮುಂಚೆ ತಿಳಿಸಬೇಕು? ಎಷ್ಟು ಬಗೆಯನ್ನು ‘ನಮಗೆ ಬೇಡ’ ಅಂತ ಗುರುತು ಹಾಕಬಹುದು? ಬೆಳೆ ಹೋದರೆ ಹಣ ವಾಪಸ್ಸೋ, ಬೇರೆ ಹೊಲದ್ದು ತಂದು ಕೊಡುತ್ತಾರೋ? ಹಣ ಮೊದಲೇ ಕೊಟ್ಟು ಬೆಳೆಗಾರರ ನಷ್ಟದಲ್ಲೂ ಪಾಲು ಹೊರುವುದೇ ಈ ಪದ್ಧತಿಯ ಮೂಲ ವಿಚಾರ. ಹಾಗಾಗಿ ಮೂರನೆಯದಕ್ಕೆ ‘ಆ ವಾರ ಬುಟ್ಟಿ ಸಣ್ಣದಾಗುತ್ತೆ’ ಅಂತ ಉತ್ತರ ಬಂದರೆ ಬೇಸರಪಡಬೇಡಿ. ಬುಟ್ಟಿ ಬೇಡವೆನ್ನುವ ಗಡುವಿನ ಹಿಂದಿನ ಸಂಜೆಗೆ ಫೋನಿನಲ್ಲಿ ಅಲಾರಂ ಇಡಿ. ಆ ಗಡುವು ದಾಟಿದ ಮೇಲೆ ತರಕಾರಿ ಹೊಲದಲ್ಲಿ ನಿಮ್ಮ ಹೆಸರಿಗೆ ಎಣಿಕೆಯಾಗಿ ಆಗಿರುತ್ತದೆ.